ಗೋಡೆ ಮೇಲಿನ ಕ್ರಿಕೆಟ್ಟಿಗೆ ಬ್ಯಾಟ್ ತಡವಾಗಿ ಬರುತ್ತೆ

"ಮಾಮಾ, ನಾ ಒತ್ತೋದು ಒಂದು ಟೈಮಿಗಿ, ಅದು ಬೀಸೋದು ಇನ್ನೊಂದು ಟೈಮಿಗಿ!" ಮೂರನೇ ಸಲ ಬೌಲ್ಡ್ ಆದ ಅಕ್ಕನ ಮಗ ಕಂಟ್ರೋಲರನ್ನು ಚಾಪೆ ಮೇಲೆ ಒಗೆದ. ಕಲಬುರಗಿಯ ಮೇ ತಿಂಗಳು. ರಾತ್ರಿಯೂ ಒಳಗೆ ಕೂರಲಾಗದ ಸೆಕೆ. ಊಟ ಮುಗಿಸಿ ಮಾಳಿಗೆ ಹತ್ತಿದ್ದೆವು. ಲ್ಯಾಪ್‌ಟಾಪಿನಲ್ಲಿ ಆಟ, ಪ್ರೊಜೆಕ್ಟರಿನಿಂದ ಸುಣ್ಣ ಬಳಿದ ಗೋಡೆ ಮೇಲೆ ಚಿತ್ರ.

ಹುಡುಗ ನೆಪ ಹೇಳುತ್ತಿದ್ದಾನೆ ಅಂದುಕೊಂಡೆ. ಆದರೂ ಅಳೆದು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದರ ಪರದೆ ಮತ್ತು ಗೋಡೆ ಎರಡೂ ಬರುವಂತೆ ಫೋನಿನಲ್ಲಿ ಒಂದು ಫೋಟೊ ಹೊಡೆದೆ. ಗೋಡೆ ಮೇಲಿನ ಸ್ಟಾಪ್‌ವಾಚ್ 0.12 ಸೆಕೆಂಡು ಹಿಂದಿತ್ತು. ಅಷ್ಟೇನಾ ಅನ್ನಬೇಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅಷ್ಟರಲ್ಲಿ ನಾಲ್ಕೂವರೆ ಮೀಟರ್ ದಾಟಿರುತ್ತೆ. ಪಿಚ್ ಇರೋದೇ 20 ಮೀಟರ್. ಪಾಪ, ಹುಡುಗನ ಮಾತೇ ನಿಜ.

ತಪ್ಪು ನಂದೇ. ಪ್ರೊಜೆಕ್ಟರನ್ನು ಒಂದು ಶಹಾಬಾದ್ ಫರಸಿಯ ತುಂಡಿನ ಮೇಲೆ ಓರೆಯಾಗಿ ಇಟ್ಟಿದ್ದೆ. ಓರೆ ಬೆಳಕು ಗೋಡೆ ಮೇಲೆ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಅದನ್ನು ನೆಟ್ಟಗೆ ಮಾಡೋ ಕೆಲಸಕ್ಕೆ ಕೀಸ್ಟೋನ್ ಅಂತಾರೆ. ಪ್ರೊಜೆಕ್ಟರ್ ಪ್ರತಿ ಚಿತ್ರವನ್ನೂ ಹಿಡಿದಿಟ್ಟು, ಲೆಕ್ಕ ಹಾಕಿ, ಮರಳಿ ಬರೆದು ಆಮೇಲೆ ಬಿಡುತ್ತೆ. ಸೆಕೆಂಡಿಗೆ 60 ಚಿತ್ರ ಅಂದರೆ ಒಂದಕ್ಕೆ ಸಿಗೋದು ಸುಮಾರು 17 ಮಿಲಿಸೆಕೆಂಡ್. ಎರಡು ಮೂರು ಚಿತ್ರ ತಡೆದರೂ ಕೈಗೆ ಗೊತ್ತಾಗುತ್ತೆ. ಸಾಲದ್ದಕ್ಕೆ ವೈಫೈ ಬೇರೆ: ಲ್ಯಾಪ್‌ಟಾಪ್ ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ ಕಳಿಸಬೇಕು, ಪ್ರೊಜೆಕ್ಟರ್ ಬಿಚ್ಚಿಕೊಳ್ಳಬೇಕು. ಸಿನಿಮಾಕ್ಕೆ ಇದೆಲ್ಲ ನಡೆಯುತ್ತೆ, ಚಿತ್ರ ಶಬ್ದ ಎರಡೂ ಒಟ್ಟಿಗೇ ತಡವಾಗುತ್ತವಲ್ಲ.

ಫರಸಿ ಸರಿಸಿ ಪ್ರೊಜೆಕ್ಟರನ್ನು ಗೋಡೆಗೆ ನೇರವಾಗಿ ಇಟ್ಟೆ. ಕೀಸ್ಟೋನ್ ಆಫ್, ಚಿತ್ರ ತಿದ್ದೋ ಕೆಲಸ ಕಡಿಮೆ ಮಾಡೋ ಗೇಮ್ ಮೋಡ್ ಆನ್, ವೈಫೈ ಬದಲು ಎಚ್‌ಡಿಎಂಐ ಕೇಬಲ್. ಮತ್ತೆ ಫೋಟೊ: 0.04. ಚದುರಂಗ, ಲೂಡೋ ಆಡೋರಿಗೆ ಇಷ್ಟು ತಲೆನೋವು ಬೇಡವೇ ಬೇಡ. ಅಂಗಡಿಯಲ್ಲಿ ಎಲ್ಲರೂ ಲುಮೆನ್, ಅಂದರೆ ಬೆಳಕಿನ ಅಳತೆ, ಎಷ್ಟು ಅಂತ ಕೇಳ್ತಾರೆ, ತಡ ಎಷ್ಟು ಅಂತ ಕೇಳೋರು ಕಡಿಮೆ. ನಾನೂ ಕೇಳಿರಲಿಲ್ಲ.

ಹಾಗಂತ ಬೆಳಕು ಮುಖ್ಯ ಅಲ್ಲ ಅಂತಲ್ಲ. ಚಿತ್ರದ ಅಗಲ ಎರಡು ಪಟ್ಟು ಮಾಡಿದರೆ ಹರವು ನಾಲ್ಕು ಪಟ್ಟು, ಹೊಳಪು ಕಾಲು ಭಾಗ. ನಮ್ಮದು ಡಿಎಲ್‌ಪಿ ಜಾತಿಯದು. ಒಳಗೆ ಒಂದು ಚಿಪ್, ಅದರ ಮೇಲೆ ಲಕ್ಷಗಟ್ಟಲೆ ಕನ್ನಡಿ, ಒಂದೊಂದೂ ತಲೆಗೂದಲಿನ ದಪ್ಪಕ್ಕಿಂತ ಚಿಕ್ಕದು. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಇದನ್ನು ಕಂಡುಹಿಡಿದರು. ಪ್ರತಿ ಕನ್ನಡಿಯೂ ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ವಾಲುತ್ತೆ. ಒಂದು ಕಡೆ ವಾಲಿದರೆ ಬೆಳಕು ಗೋಡೆಗೆ, ಇನ್ನೊಂದು ಕಡೆ ವಾಲಿದರೆ ಒಳಗೇ ಹೋಗುತ್ತೆ. ಬೂದು ಬಣ್ಣ ಬೇಕಾದರೆ ಅರ್ಧ ಹೊತ್ತು ಅಲ್ಲಿ, ಅರ್ಧ ಹೊತ್ತು ಇಲ್ಲಿ.

ಆದರೆ ಕಪ್ಪು ಬಣ್ಣದ ಬೆಳಕು ಅಂತ ಯಾವುದೂ ಇಲ್ಲ. ಗೋಡೆ ತಾನಾಗಿ ಎಷ್ಟು ಕತ್ತಲೋ ಚಿತ್ರದ ಕಪ್ಪು ಅಷ್ಟೇ. ನಮ್ಮ ಗೋಡೆಗೆ ಬೀದಿ ದೀಪ ಬೀಳುತ್ತಿತ್ತು. ರಾತ್ರಿ ಪಂದ್ಯದ ಆಕಾಶ ಮಾಸಿದ ಧೋತರದ ಹಾಗೆ ಕಾಣುತ್ತಿತ್ತು. ಒಂಬತ್ತೂವರೆಗೆ ಕರೆಂಟ್ ಹೋಯಿತು. ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಬ್ಯಾಟರಿ ಇತ್ತು, ಬೀದಿ ದೀಪಕ್ಕೆ ಇರಲಿಲ್ಲ. ಆಕಾಶ ಒಮ್ಮೆಲೇ ಕಪ್ಪಗಾಯಿತು. ಕೆಳಗಿನಿಂದ ಅಕ್ಕ ಮೇಣದಬತ್ತಿ ಎಲ್ಲಿ ಅಂತ ಕೂಗುತ್ತಿದ್ದಳು. ಇವನು ಅದೇ ಬಾಲಿಗೆ ಸಿಕ್ಸ್ ಹೊಡೆದ.