ನಿಂಬೆಹಣ್ಣು ದಾಟದ ಸೂಟ್‌ಕೇಸ್

ಹೋದ ಬೇಸಿಗೆಯಲ್ಲಿ ನಮ್ಮ ಸಂಬಂಧಿಕರ ಹುಡುಗನೊಬ್ಬ ದುಬೈಯಿಂದ ಊರಿಗೆ ಬಂದ. ಜೊತೆಗೆ ಮೋಟಾರು ಇರುವ ಸೂಟ್‌ಕೇಸ್. ಅದರ ಮೇಲೆ ಕೂತು ಸ್ಕೂಟರಿನ ಹಾಗೆ ಓಡಿಸಬಹುದು. ನಮ್ಮ ಮನೆ ಬದಿಯಡ್ಕದ ಹತ್ತಿರ, ಗುಡ್ಡದ ಬುಡದಲ್ಲಿ. ಅಂಗಳದಲ್ಲಿ ಮಕ್ಕಳ ಸಂತೆ ಸೇರಿತು. ಹೊಸ ಗಾಡಿ ಅಲ್ವಾ ಎಂದು ಅತ್ತೆ ಒಳಗಿನಿಂದ ನಿಂಬೆಹಣ್ಣು ತಂದು ಮುಂದಿನ ಚಕ್ರದ ಬುಡಕ್ಕೆ ಇಟ್ಟರು. ಹುಡುಗ ಕೂತು ಗುಂಡಿ ಒತ್ತಿದ. ನಿಂಬೆ ಅಪ್ಪಚ್ಚಿ ಆಗಲಿಲ್ಲ. ಚಕ್ರ ಅದನ್ನು ತಳ್ಳಿಕೊಂಡೇ ಒಂದು ಮಾರು ಹೋಯಿತು. ಆಮೇಲೆ ಹಣ್ಣು ಮುರಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಸೂಟ್‌ಕೇಸ್ ಅಲ್ಲೇ ನಿಂತಿತು.

"ಶಕುನ ಅಷ್ಟು ಸರಿ ಕಾಣುವುದಿಲ್ಲ" ಎಂದರು ಅತ್ತೆ.

ಶಕುನದಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಆ ನಿಂಬೆಹಣ್ಣು ಎತ್ತಿದ ಪ್ರಶ್ನೆ ಚೆನ್ನಾಗಿತ್ತು. ಎಲ್ಲರೂ ಮೋಟಾರು ನೋಡುತ್ತಿದ್ದರು, ಬ್ಯಾಟರಿ ನೋಡುತ್ತಿದ್ದರು. ಚಕ್ರವನ್ನು ಯಾರೂ ನೋಡಲಿಲ್ಲ.

ಮೊದಲು ಮೋಟಾರಿನ ಲೆಕ್ಕ ಮುಗಿಸಿಬಿಡೋಣ. ವಿಮಾನ ನಿಲ್ದಾಣದ ನುಣುಪು ನೆಲದಲ್ಲಿ 20 ಕಿಲೋ ಪೆಟ್ಟಿಗೆಯನ್ನು ಉರುಳಿಸಲು ಸುಮಾರು 400 ಗ್ರಾಮ್ ತೂಕ ಎತ್ತುವಷ್ಟು ಬಲ ಸಾಕು. ಒಂದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಹಿಡಿದ ಹಾಗೆ. ಅಷ್ಟಕ್ಕೆ ಮೋಟಾರು ಬೇಕಾ? ಕಾಲು ನೋವಿನವರಿಗೆ, ಉದ್ದದ ಟರ್ಮಿನಲ್‌ನಲ್ಲಿ ಕೂತು ಹೋಗಲು, ಖಂಡಿತ ಉಪಯೋಗ ಇದೆ. ಉಳಿದವರಿಗೆ ಅದು ಸುಮ್ನೆ ಮಜಾ. ಮಜಾ ತಪ್ಪಲ್ಲ ಬಿಡಿ.

ಈಗ ಚಕ್ರಕ್ಕೆ ಬರೋಣ. ಇಂಥ ಪೆಟ್ಟಿಗೆಯ ಪುಟ್ಟ ಚಕ್ರದ ತ್ರಿಜ್ಯ 3 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎದುರಿಗೆ 1 ಸೆಂಟಿಮೀಟರ್ ಎತ್ತರದ ಕಲ್ಲಿನ ಅಂಚು. ಅದನ್ನು ಹತ್ತಬೇಕಾದರೆ ಚಕ್ರದ ಮೇಲಿರುವ ಭಾರಕ್ಕಿಂತ ಜಾಸ್ತಿ ಬಲದಿಂದ ಅಡ್ಡಕ್ಕೆ ಎಳೆಯಬೇಕು. 20 ಕಿಲೋ ಭಾರಕ್ಕೆ 22 ಕಿಲೋದಷ್ಟು. ಅದಕ್ಕಿಂತ ಎತ್ತಿ ತಲೆ ಮೇಲೆ ಇಟ್ಟುಕೊಳ್ಳುವುದೇ ಸಲೀಸು! ಅದೇ ಅಂಚನ್ನು ದೊಡ್ಡ ಸೈಕಲಿನ ಚಕ್ರ ಸುಮಾರು 5 ಕಿಲೋ ಬಲದಲ್ಲಿ ಹತ್ತುತ್ತದೆ.

ಯಾಕೆ ಹೀಗೆ? ಮುರಕಲ್ಲನ್ನು ಹಾರೆ ಹಾಕಿ ಎಬ್ಬಿಸುವುದನ್ನು ನೋಡಿದ್ದೀರಲ್ಲ. ಹಾರೆ ಉದ್ದ ಇದ್ದಷ್ಟೂ ಕೆಲಸ ಹಗುರ. ಅಡ್ಡ ಬಂದ ಕಲ್ಲಿನ ಅಂಚೇ ಇಲ್ಲಿ ಹಾರೆಯ ಆಧಾರ. ಆ ಅಂಚಿನಿಂದ ಮೇಲೆ ಚಕ್ರದ ನಡುವಿನ ಅಚ್ಚಿನವರೆಗೆ ಎಷ್ಟು ಎತ್ತರ ಇದೆಯೋ ಅದೇ ಹಾರೆಯ ಹಿಡಿ. ಪುಟ್ಟ ಚಕ್ರದಲ್ಲಿ ಆ ಹಿಡಿ 2 ಸೆಂಟಿಮೀಟರ್. ಸೈಕಲಿನಲ್ಲಿ 32. ಬೆಂಕಿಕಡ್ಡಿಯಿಂದ ಕಲ್ಲು ಎಬ್ಬಿಸಲು ಹೊರಟವನಿಗೂ ಹಾರೆ ಹಿಡಿದವನಿಗೂ ಇರುವ ವ್ಯತ್ಯಾಸ. ಇನ್ನೊಂದು ರೀತಿ ಹೇಳುತ್ತೇನೆ. ನಾವು ಒಂದು ಹೆಜ್ಜೆಯಲ್ಲಿ ದಾಟುವ ಗದ್ದೆಯ ಹುಣಿ ಇರುವೆಗೆ ಘಟ್ಟ. ಎತ್ತಿನ ಗಾಡಿಗೆ ಎದೆಮಟ್ಟದ ಚಕ್ರ ಇಟ್ಟದ್ದು ಚಂದಕ್ಕಲ್ಲ. ಆ ದಾರಿಗಳು ಹಾಗಿದ್ದವು. ಅಂಚು ತ್ರಿಜ್ಯದಷ್ಟೇ ಎತ್ತರ ಇದ್ದರಂತೂ ಅಡ್ಡಕ್ಕೆ ಎಷ್ಟೇ ಎಳೆದರೂ ಚಕ್ರ ಏಳುವುದಿಲ್ಲ. ಕಾರಿಗೆ ನಿಂಬೆಹಣ್ಣು ಒಂದು ಉಬ್ಬು. ಸೂಟ್‌ಕೇಸಿಗೆ ಅದು ಗೋಡೆ. ಅಂಗಳದಲ್ಲಿ ಹರಡಿದ ಅಡಕೆ ಕೂಡ ಹಾಗೆಯೇ.

ಪೆಟ್ಟಿಗೆಗೆ ಚಕ್ರ ಬಂದ ಕತೆಯಲ್ಲೂ ಇದೇ ಗುಟ್ಟು. ಅಮೆರಿಕದ ಸೂಟ್‌ಕೇಸ್ ಕಂಪೆನಿಯೊಂದರ ಅಧಿಕಾರಿ ಬರ್ನಾರ್ಡ್ ಸ್ಯಾಡೋ 1970ರಲ್ಲಿ ರಜೆ ಮುಗಿಸಿ ಮರಳುತ್ತಿದ್ದರು. ಎರಡು ಭಾರದ ಪೆಟ್ಟಿಗೆ ಹೊತ್ತು ಬೆವರುತ್ತಿದ್ದಾಗ, ಕೆಲಸಗಾರನೊಬ್ಬ ಚಕ್ರದ ಹಲಗೆಯ ಮೇಲೆ ಯಂತ್ರ ಇಟ್ಟು ಆರಾಮಾಗಿ ತಳ್ಳುವುದು ಕಂಡಿತು. 1972ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಅಂಗಡಿಗಳು ಬೇಡ ಅಂದವು. ಗಂಡಸರು ಪೆಟ್ಟಿಗೆ ಎಳೆಯುತ್ತಾರಾ ಎಂಬ ಪ್ರಶ್ನೆ! ನಾಲ್ಕು ಚಕ್ರದ ಆ ಪೆಟ್ಟಿಗೆಯನ್ನು ಪಟ್ಟಿ ಕಟ್ಟಿ ಎಳೆಯಬೇಕಿತ್ತು, ತಿರುವಿನಲ್ಲಿ ಮಗುಚುತ್ತಿತ್ತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಎರಡು ಚಕ್ರ, ಉದ್ದ ಹಿಡಿ ಇಟ್ಟು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಚಕ್ರ ಗೆಲ್ಲಲು ಇಷ್ಟು ತಡವಾದದ್ದಕ್ಕೆ ಗಂಡಸರ ಜಂಬ ಒಂದು ಕಾರಣ, ಸರಿ. ನನ್ನ ಪ್ರಕಾರ ದೊಡ್ಡ ಕಾರಣ ನೆಲ. ಉದ್ದುದ್ದ ನುಣುಪು ನೆಲದ ವಿಮಾನ ನಿಲ್ದಾಣಗಳು ಮೊದಲು ಬಂದವು, ಪುಟ್ಟ ಚಕ್ರ ಆಮೇಲೆ ಗೆದ್ದಿತು. ನಮ್ಮ ಮುರಕಲ್ಲಿನ ಓಣಿಯಲ್ಲಿ ಅದಕ್ಕೆ ಈಗಲೂ ಗೆಲುವಿಲ್ಲ.

ಇನ್ನು ಬ್ಯಾಟರಿ. ಇದರ ಬಗ್ಗೆ ಊರಲ್ಲಿ ಇರುವಷ್ಟು ಕತೆ ಭೂತಗಳ ಬಗ್ಗೆಯೂ ಇಲ್ಲ. ವಿಮಾನದ ಸಿಗ್ನಲ್ ಕೆಡುತ್ತದೆ, ಅದಕ್ಕೇ ಲಗೇಜಿಗೆ ಹಾಕಲು ಬಿಡುವುದಿಲ್ಲ ಎನ್ನುತ್ತಾರೆ. ಹಾಗಲ್ಲ. ಭಯ ಬೆಂಕಿಯದ್ದು. ಲಿಥಿಯಂ ಸೆಲ್ ಒಂದು ಒಳಗೇ ಕೆಟ್ಟು ಬಿಸಿಯಾದರೆ, ಆ ಬಿಸಿಗೆ ಪಕ್ಕದ ಸೆಲ್ ಕೆಡುತ್ತದೆ, ಅದರ ಬಿಸಿಗೆ ಇನ್ನೊಂದು. ಒಣ ಮಡಲಿನ ರಾಶಿಗೆ ಕಿಡಿ ಬಿದ್ದ ಹಾಗೆ. ಸರಕಿನ ಕೋಣೆಯಲ್ಲಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಆರಿಸಬಲ್ಲದು, ಸೆಲ್ಲಿನ ಒಳಗಿನ ಬಿಸಿಯನ್ನು ನಿಲ್ಲಿಸಲಾರದು. ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಯಾರಾದರೂ ನೀರು ಸುರಿದು ತಂಪು ಮಾಡಬಹುದು. ಅದಕ್ಕೇ ಬ್ಯಾಟರಿ ಬಿಚ್ಚಿ ಕೈಯಲ್ಲಿ ಒಯ್ಯಿರಿ ಎನ್ನುವುದು. ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯ ಅಳತೆ ಇದು). ಬಿಚ್ಚಲಾಗದ ಬ್ಯಾಟರಿಯ ಪೆಟ್ಟಿಗೆಗಳನ್ನು 2018ರ ಜನವರಿಯಿಂದ ಅಮೆರಿಕದ ದೊಡ್ಡ ವಿಮಾನ ಕಂಪೆನಿಗಳು ನಿಷೇಧಿಸಿದವು. ಬ್ಲೂಸ್ಮಾರ್ಟ್ ಎಂಬ ಸ್ಮಾರ್ಟ್ ಪೆಟ್ಟಿಗೆಯ ಕಂಪೆನಿ ಅದೇ ವರ್ಷ ಬಾಗಿಲು ಹಾಕಿತು.

ತಮಾಷೆ ನೋಡಿ. 73 ವ್ಯಾಟ್-ಅವರ್‌ನ ಒಂದು ಬ್ಯಾಟರಿಯಲ್ಲಿ, ಏನೂ ಪೋಲಾಗದಿದ್ದರೆ, 90 ಕಿಲೋ ಭಾರವನ್ನು ಸುಮಾರು 300 ಮೀಟರ್ ಎತ್ತರಕ್ಕೆ ಏರಿಸುವಷ್ಟು ಶಕ್ತಿ ಇದೆ. ನಮ್ಮ ಮನೆಯ ಗುಡ್ಡ ಯಾವ ಲೆಕ್ಕ! ಶಕ್ತಿ ಇದೆ, ಕಾಲಿಲ್ಲ ಅಷ್ಟೇ.

ಹುಡುಗ ವಾಪಸು ಹೊರಟ ದಿನ ಬ್ಯಾಟರಿ ಬಿಚ್ಚಿ ಹೆಗಲ ಚೀಲಕ್ಕೆ ಹಾಕಿಕೊಂಡ. ಜೀಪು ನಿಂತಿದ್ದ ರಸ್ತೆಯವರೆಗೆ ಏರು ದಾರಿ, ಉದ್ದಕ್ಕೂ ಕಲ್ಲು. ಮಾವ ತೋಟದ ಒಂಟಿಚಕ್ರದ ಕೈಗಾಡಿ ತಂದರು. ಅದರಲ್ಲಿದ್ದ ಅಡಕೆ ಗೋಣಿ ಇಳಿಸಿ, ಮೋಟಾರು ಸೂಟ್‌ಕೇಸನ್ನು ಮೇಲಿಟ್ಟು, ತಳ್ಳಿಕೊಂಡು ಗುಡ್ಡ ಹತ್ತಿದರು.