ಥಂಬ್‌ನೇಲ್, ಟೈಟಲ್ ಮತ್ತು ಹರಿಯದ ತೊಡೆದೇವು

ಥಂಬ್‌ನೇಲ್ ಅಂದರೆ ಯೂಟ್ಯೂಬ್ ವಿಡಿಯೋ ಒತ್ತುವ ಮೊದಲು ಕಾಣುವ ಚಿತ್ರ. ಅದನ್ನು ಮಾಡಿದ ಕೂಡಲೇ ಫೋನಿಗೆ ಕಳಿಸಿಕೊಳ್ಳಿ. ಗ್ಯಾಲರಿಯಲ್ಲಿ ಚಿಕ್ಕದಾಗಿ ಕಾಣುತ್ತದಲ್ಲ, ಹಾಗೇ ನೋಡಿ, ದೊಡ್ಡದು ಮಾಡಬೇಡಿ. ನಾನು ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ನೋಡುತ್ತೇನೆ. ದೇವಿಮನೆ ಘಟ್ಟದ ತಿರುವಿನಲ್ಲಿ ಕೈ ಅಲ್ಲಾಡುವಾಗಲೂ ಇದು ಏನು ಅಂತ ತಿಳಿದರೆ ಪಾಸು. ನಮ್ಮ ವಿಡಿಯೋ ನೋಡುವವರೂ ಹೆಚ್ಚುಕಡಿಮೆ ಹೀಗೇ ನೋಡುವುದು ಅಲ್ವಾ?

ನನ್ನ ಮೊದಲ ಥಂಬ್‌ನೇಲ್ ಫೇಲಾಯಿತು. ಅದು ನಮ್ಮ ಕಡೆಯ ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡೆದೇವಿನ ವಿಡಿಯೋ. ತಟ್ಟೆಯಲ್ಲಿ ಮಡಚಿಟ್ಟ ತೊಡೆದೇವು, ಪಕ್ಕದಲ್ಲಿ ತುಪ್ಪದ ಬಟ್ಟಲು, ಹಿಂದೆ ಕಬ್ಬಿನ ಜಲ್ಲೆ, ಮೇಲೆ ‘ಶಿರಸಿ ಸ್ಪೆಷಲ್ ತೊಡೆದೇವು’ ಅಂತ ಬಂಗಾರದ ಬಣ್ಣದ ಅಕ್ಷರ. ಕಂಪ್ಯೂಟರಿನಲ್ಲಿ ಮದುವೆ ಕಾಗದದ ಹಾಗೆ ಚೆಂದ ಕಂಡಿತು. ಫೋನಿನಲ್ಲಿ ನೋಡಿದರೆ ಯಾರೋ ಮುದುಡಿ ಎಸೆದ ಕಂದು ಕಾಗದ! ಟೈಟಲ್‌ನಲ್ಲೂ ಅದನ್ನೇ ಬರೆದಿದ್ದೆ: ‘ಶಿರಸಿ ಸ್ಪೆಷಲ್ ತೊಡೆದೇವು ಮಾಡುವ ವಿಧಾನ’. ಒಂದೇ ಮಾತನ್ನು ಎರಡು ಸಲ ಹೇಳಿ ಇದ್ದ ಜಾಗವನ್ನೆಲ್ಲ ಹಾಳು ಮಾಡಿದ್ದೆ.

ಆಮೇಲೆ ವಿಡಿಯೋವನ್ನೇ ನಿಧಾನಕ್ಕೆ ಓಡಿಸಿ ನೋಡಿದೆ. ಒಲೆಯ ಮೇಲೆ ಬೋರಲು ಹಾಕಿದ ಮಡಕೆ. ಕಬ್ಬಿನ ಹಾಲು ಸೇರಿಸಿದ ನೀರು ನೀರಾದ ಅಕ್ಕಿಹಿಟ್ಟು. ಅದರಲ್ಲಿ ಅದ್ದಿದ ಬಟ್ಟೆಯನ್ನು ಮಡಕೆಯ ಮೇಲೆ ಒಮ್ಮೆ ಎಳೆದರೆ ಪದರ ಕೂತುಬಿಡುತ್ತದೆ. ಅತ್ತೆ ಅದನ್ನು ಬಿಡಿಸುವಾಗ ಒಂದು ಗಳಿಗೆ ಅರ್ಧ ಪದರ ಮಡಕೆಯ ಮೇಲಿದೆ, ಇನ್ನರ್ಧ ಕೈಯಲ್ಲಿದೆ. ಕಿಟಕಿಯ ಬೆಳಕಿಗೆ ಪದರದ ಆಚೆ ಬೆರಳು ಕಾಣುತ್ತಿದೆ. ಸಿಕ್ಕಿತು! ಅಲ್ಲೇ ನಿಲ್ಲಿಸಿ ಆ ಚಿತ್ರ ತೆಗೆದೆ. ಅದರ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. ಟೈಟಲ್ ಹೀಗಾಯಿತು: ‘ತೊಡೆದೇವು ಹರಿಯದ ಹಾಗೆ ಬಿಡಿಸುವುದು ಹೇಗೆ?’ ಚಿತ್ರ ನೋಡಿದವರಿಗೆ ‘ಅಯ್ಯೋ, ಹರಿದು ಹೋಗುತ್ತದೇನೋ’ ಅನಿಸಬೇಕು. ಆ ಅನಿಸಿಕೆಯನ್ನೇ ಟೈಟಲ್ ಕೇಳಬೇಕು. ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೊಂದೇ. ಉಳಿದದ್ದೆಲ್ಲ ರಿಪೇರಿ ಕೆಲಸ.

ಅಳತೆಯ ವಿಷಯ ಬೇಗ ಮುಗಿಸುತ್ತೇನೆ. 1280×720 ಪಿಕ್ಸೆಲ್ ಇದ್ದರೆ ಸಾಕು, ಅಂದರೆ 16:9. ನಮ್ಮದೇ ಥಂಬ್‌ನೇಲ್ ಹಾಕಬೇಕಾದರೆ ಮೊದಲು ಫೋನ್ ನಂಬರ್ ಖಚಿತಪಡಿಸಬೇಕು. ಬಲಗಡೆ ಕೆಳಗಿನ ಮೂಲೆಯನ್ನು ಖಾಲಿ ಬಿಡಿ, ವಿಡಿಯೋ ಎಷ್ಟು ನಿಮಿಷದ್ದು ಅನ್ನುವ ಪಟ್ಟಿ ಅಲ್ಲೇ ಬಂದು ಕೂರುತ್ತದೆ.

ಕನ್ನಡ ಅಕ್ಷರದ ಕಷ್ಟ ಬೇರೆ. ‘ಮೂರ್ನಾಲ್ಕು ಪದ ಹಾಕಿ’ ಅನ್ನುವುದು ಇಂಗ್ಲಿಷಿನವರ ಲೆಕ್ಕ. ನಮ್ಮ ಪದಗಳು ಉದ್ದ, ಎರಡಾದರೆ ಸಾಕು. ತೆಳ್ಳಗಿನ ಫಾಂಟ್ ಬೇಡ. ‘ಉಂಚಳ್ಳಿ’ ಅಂತ ಜಲಪಾತದ ಹೆಸರು ಬರೆದರೆ ಮೊದಲು ಮಾಯವಾಗುವುದು ಆ ಒತ್ತಕ್ಷರ. ‘ಬಾಲೂ ತಮ್ಮ’ ಎಂಬಂಥ ದಪ್ಪ ಫಾಂಟ್ ತಡೆದುಕೊಳ್ಳುತ್ತದೆ. ಎರಡು ಸಾಲು ಬರೆದರೆ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಇನ್ನು ಬಣ್ಣ. ನಮ್ಮ ಕಡೆ ತೋಟ, ಕಾಡು, ಪಾಚಿ ಎಲ್ಲವೂ ಹಸಿರು. ಅದರ ಮೇಲೆ ಹಸಿರು ಅಕ್ಷರ ಸತ್ತ ಹಾಗೆ. ಜಲಪಾತದ ಮೇಲೆ ಬಿಳಿ ಅಕ್ಷರವೂ ಅಷ್ಟೇ. ಕಪ್ಪು ಅಂಚಿನ ಹಳದಿ ಎರಡೂ ಕಡೆ ನಿಲ್ಲುತ್ತದೆ. ನೋಡಲು ಸ್ವಲ್ಪ ಜಾತ್ರೆ ಬೋರ್ಡಿನ ಹಾಗೆ, ಆದರೂ ನಿಲ್ಲುತ್ತದೆ.

ಟೈಟಲ್‌ಗೆ ಇರುವ ಮಿತಿ 100 ಕ್ಯಾರೆಕ್ಟರ್. ಅಷ್ಟೆಲ್ಲ ಇದೆ ಅಂತ ಬೀಗಬೇಡಿ. ‘ತೊಡೆದೇವು’ ನಮಗೆ ನಾಲ್ಕಕ್ಷರ, ಯಂತ್ರಕ್ಕೆ ಎಂಟು. ಸ್ವರಚಿಹ್ನೆ, ಅನುಸ್ವಾರ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಮೂರಕ್ಷರದ ‘ಉಂಚಳ್ಳಿ’ ಏಳಾಗುತ್ತದೆ. ಅದೂ ಅಲ್ಲದೆ ಫೋನಿನಲ್ಲಿ ಉದ್ದ ಟೈಟಲ್‌ನ ಬಾಲ ಕತ್ತರಿಸಿ ಹೋಗುತ್ತದೆ. ಹಾಗಾಗಿ ಮುಖ್ಯ ಪದ ಮೊದಲು. ‘ನಮಸ್ಕಾರ ವೀಕ್ಷಕರೇ’ ವಿಡಿಯೋದೊಳಗೇ ಇರಲಿ.

ಉಂಚಳ್ಳಿ ಅಂದಾಗ ನೆನಪಾಯಿತು, ನನ್ನ ದೊಡ್ಡ ತಪ್ಪು ಅಲ್ಲೇ ನಡೆದದ್ದು. ಅಘನಾಶಿನಿ ನದಿ ಅಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಆ ಸದ್ದಿಗೇ ಅದಕ್ಕೆ ಕೆಪ್ಪ ಜೋಗ ಅಂತಲೂ ಹೆಸರು. ನಾನು ವಿಡಿಯೋ ಮಾಡಿದ್ದು ಏಪ್ರಿಲ್‌ನಲ್ಲಿ, ನೀರು ಸಣ್ಣ ಜಡೆಯಷ್ಟು. ಥಂಬ್‌ನೇಲ್‌ಗೆ ಮಾತ್ರ ಹಿಂದಿನ ಮಳೆಗಾಲದಲ್ಲಿ ತೆಗೆದ ಫೋಟೋ ಹಾಕಿದೆ. ಜನ ಒತ್ತಿದರು, ಒಳಗೆ ಬಂದರು, ಬಂದ ಹಾಗೇ ಹೋದರು. ಯೂಟ್ಯೂಬ್ ಸ್ಟುಡಿಯೋದಲ್ಲಿ ಎಷ್ಟು ಜನ ನೋಡುತ್ತ ಉಳಿದರು ಅಂತ ತೋರಿಸುವ ಗೆರೆ ಮೊದಲ ಅರ್ಧ ನಿಮಿಷದಲ್ಲೇ ಜಲಪಾತವಾಗಿತ್ತು! ಈಗ ಅದೇ ಸಣ್ಣ ಜಡೆಯ ಚಿತ್ರ ಹಾಕಿ ‘ಏಪ್ರಿಲ್‌ನಲ್ಲಿ ಉಂಚಳ್ಳಿ: ನೀರು ಎಷ್ಟಿದೆ?’ ಅಂತ ಬದಲಾಯಿಸಿದ್ದೇನೆ. ಒತ್ತುವವರು ಕಡಿಮೆಯಾದರು, ಕೂತು ನೋಡುವವರು ಹೆಚ್ಚಾದರು. ‘ಕೆಪ್ಪ ಜೋಗ’ ವಿವರಣೆಯಲ್ಲಿದೆ. ಊರಿನವರು ಆ ಹೆಸರಿನಲ್ಲೂ ಹುಡುಕುತ್ತಾರೆ.

ಹಾಗಾಗಿ ಸಿಟಿಆರ್ ಒಂದನ್ನೇ ನೋಡಿ ಕುಣಿಯುವುದೂ ಬೇಡ, ಅಳುವುದೂ ಬೇಡ. ಚಿತ್ರ ಕಂಡ ನೂರು ಸಲದಲ್ಲಿ ಎಷ್ಟು ಸಲ ಒತ್ತಿದರು ಅನ್ನುವ ಲೆಕ್ಕ ಅದು. ಯೂಟ್ಯೂಬೇ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್‌ಗಳದ್ದು ಶೇ. 2ರಿಂದ 10ರ ನಡುವೆ ಇರುತ್ತದೆ. ಒಂದೇ ವಿಡಿಯೋಗೆ ಮೂರು ಥಂಬ್‌ನೇಲ್ ಹಾಕಿ ಪರೀಕ್ಷಿಸುವ ಸೌಲಭ್ಯವೂ ಸ್ಟುಡಿಯೋದಲ್ಲಿದೆ. ಅದು ಗೆದ್ದದ್ದನ್ನು ಆರಿಸುವುದು ಎಷ್ಟು ಹೊತ್ತು ನೋಡಿದರು ಅನ್ನುವುದರ ಮೇಲೆ, ಎಷ್ಟು ಜನ ಒತ್ತಿದರು ಅನ್ನುವುದರ ಮೇಲಲ್ಲ.

ಕೆಂಪು ಬಾಣ, ಬಾಯಿ ತೆರೆದ ಮುಖ, ‘ಬೆಚ್ಚಿಬೀಳ್ತೀರಿ’ ಇವೆಲ್ಲ ನನಗೆ ಹಿಡಿಸುವುದಿಲ್ಲ. 2024ರ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಆ ಚಿತ್ರಕ್ಕೆ ಬಾಣ ಯಾಕೆ? ತುಂಡಾದ ರಸ್ತೆ, ಕೆಳಗೆ ನೀರು, ಟೈಟಲ್‌ನಲ್ಲಿ ಊರು, ನದಿ, ತಾರೀಖು. ಆಯಿತಲ್ಲ.

ಮುಂದಿನದು ಅಪ್ಪೆಮಿಡಿ ಉಪ್ಪಿನಕಾಯಿ ವಿಡಿಯೋ. ಭರಣಿಯಿಂದ ಮಿಡಿ ಎತ್ತುವ ಚಿತ್ರ ಸಿಕ್ಕಿದೆ, ತೊಟ್ಟಿನಿಂದ ರಸ ತೊಟ್ಟಿಕ್ಕುತ್ತಿದೆ. ಟೈಟಲ್‌ಗೆ ‘ವರ್ಷವಾದರೂ ಮಿಡಿ ಮೆತ್ತಗಾಗದ್ದು ಹೇಗೆ?’ ಅಂತ ಬರೆದಿದ್ದೆ. ‘ಇದು ಹೋದ ತಿಂಗಳು ಹಾಕಿದ್ದಲ್ವಾ?’ ಅಂದರು ಅತ್ತೆ. ಅಳಿಸಿದ್ದೇನೆ.