‘ಅದು ಯಾವ ವಿಧಿ?’ ಎಂದು ಮತ್ತೆ ಕೇಳುವವರಿಗೆ

ಪ್ರಶ್ನೆ: ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ದೇಶಗಳು ‘ನಮ್ಮ ಕಾನೂನಿಗಿಂತ ಯುರೋಪಿಯನ್ ಸಮುದಾಯದ (ಈಗಿನ ಯುರೋಪಿಯನ್ ಒಕ್ಕೂಟದ) ಕಾನೂನೇ ಮೇಲು’ ಎಂದು ಒಪ್ಪಿಕೊಂಡದ್ದು ಒಪ್ಪಂದದ ಯಾವ ವಿಧಿಯಲ್ಲಿ?

ಉತ್ತರ: ಯಾವ ವಿಧಿಯಲ್ಲೂ ಇಲ್ಲ. ಎಷ್ಟು ಸಲ ಹೇಳಿದರೂ ಪರೀಕ್ಷೆಗೆ ಓದುವವರು ‘ಸಂಖ್ಯೆ ಮಾತ್ರ ಕೊಡಿ ಸಾರ್’ ಎನ್ನುತ್ತಾರೆ. ಇದು ನಮ್ಮ ಸಂವಿಧಾನದ 254ನೇ ವಿಧಿ ಹತ್ತಿಸಿದ ಅಭ್ಯಾಸ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರದ ಕಾಯ್ದೆಗೂ ರಾಜ್ಯದ ಕಾಯ್ದೆಗೂ ತಿಕ್ಕಾಟ ಬಂದರೆ ಯಾವುದು ನಿಲ್ಲಬೇಕು ಎಂದು ಅಲ್ಲಿ ಬರೆದೇ ಇದೆ. ಯುರೋಪಿನಲ್ಲಿಯೂ ಹಾಗೇ ಇರಬೇಕು ಎಂದುಕೊಳ್ಳುತ್ತೇವೆ.

1951ರ ಏಪ್ರಿಲ್ 18ರ ಪ್ಯಾರಿಸ್ ಒಪ್ಪಂದ ಕಲ್ಲಿದ್ದಲು ಮತ್ತು ಉಕ್ಕಿನದು. ಫಿರಂಗಿ ಎರಕಕ್ಕೆ ಬೇಕಾದ ಎರಡೂ ಒಂದೇ ದೇಶದ ಕೈಯಲ್ಲಿ ಉಳಿಯದಿರಲಿ ಎಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸಂಬರ್ಗ್ ಸೇರಿ ಮಾಡಿಕೊಂಡದ್ದು. 1957ರ ರೋಮ್ ಒಪ್ಪಂದ ಅದನ್ನು ಇಡೀ ಮಾರುಕಟ್ಟೆಗೆ ಹಿಗ್ಗಿಸಿತು. ಎರಡನ್ನೂ ತಿರುವಿ ಹಾಕಿ. ‘ಮೇಲು’ ಎಂಬ ವಾಕ್ಯ ಸಿಗದು.

ಅದು ಹುಟ್ಟಿದ್ದು ಒಂದು ಕರೆಂಟ್ ಬಿಲ್ಲಿನಿಂದ. 1962ರಲ್ಲಿ ಇಟಲಿ ವಿದ್ಯುತ್ ಕಂಪನಿಗಳನ್ನು ರಾಷ್ಟ್ರೀಕರಿಸಿ ಎನೆಲ್ ಸಂಸ್ಥೆ ಕಟ್ಟಿತು. ಮಿಲಾನಿನ ವಕೀಲ ಫ್ಲಾಮಿನಿಯೊ ಕೋಸ್ತ, ರಾಷ್ಟ್ರೀಕರಣವೇ ರೋಮ್ ಒಪ್ಪಂದಕ್ಕೆ ವಿರುದ್ಧ ಎಂದು 1,925 ಲೀರಾದ ಬಿಲ್ಲು ಕಟ್ಟಲಿಲ್ಲ. ಇಟಲಿಯ ಸಾಂವಿಧಾನಿಕ ನ್ಯಾಯಾಲಯದ ತರ್ಕ ಸರಳ: ಒಪ್ಪಂದವನ್ನು ಜಾರಿಗೆ ತಂದದ್ದು 1957ರ ಸಾಧಾರಣ ಕಾಯ್ದೆ, ರಾಷ್ಟ್ರೀಕರಣ 1962ರ ಕಾಯ್ದೆ, ಹಿಂದಿನದಕ್ಕಿಂತ ಇಂದಿನದು ಗೆಲ್ಲುತ್ತದೆ. ಲಕ್ಸಂಬರ್ಗಿನಲ್ಲಿರುವ ಸಮುದಾಯದ ನ್ಯಾಯಾಲಯ 1964ರ ಜುಲೈ 15ರಂದು ಒಪ್ಪಲಿಲ್ಲ. ಸಮುದಾಯದ ನಿಯಮಾವಳಿ ಎಲ್ಲ ಸದಸ್ಯ ದೇಶಗಳಲ್ಲೂ ನೇರವಾಗಿ ಅನ್ವಯ ಎಂದು ರೋಮ್ ಒಪ್ಪಂದದ 189ನೇ ವಿಧಿ ಹೇಳುತ್ತದೆ. ಒಂದು ದೇಶ ನಾಳೆ ಇನ್ನೊಂದು ಕಾಯ್ದೆ ಮಾಡಿ ಅದನ್ನು ಅಳಿಸಬಹುದಾದರೆ ಆ ಮಾತಿಗೆ ಅರ್ಥವೇನು? ಹಾಗಾಗಿ ಮೇಲ್ಮೆ ಎಂಬುದು ಓದಿದ್ದಲ್ಲ, ತರ್ಕದಿಂದ ತೆಗೆದದ್ದು. ಇಟಲಿಯ ಆ ನ್ಯಾಯಾಲಯ ಪೂರ್ತಿ ದಾರಿಗೆ ಬರಲು 1984 ಆಯಿತು.

‘ಈಗಲಾದರೂ ಬರೆದಿದ್ದಾರಲ್ಲ?’ ಬರೆಯಲು ಹೊರಟಿದ್ದರು. ಯುರೋಪಿಗೊಂದು ಸಂವಿಧಾನ ಎಂಬ ಒಪ್ಪಂದದಲ್ಲಿ ಆ ವಾಕ್ಯ ಇತ್ತು. 2005ರಲ್ಲಿ ಫ್ರಾನ್ಸ್, ನೆದರ್ಲೆಂಡ್ಸ್ ಮತದಾರರು ಅದನ್ನೇ ತಳ್ಳಿಹಾಕಿದರು. 2007ರ ಲಿಸ್ಬನ್ ಒಪ್ಪಂದಕ್ಕೆ ಅಂಟಿಸಿದ 17ನೇ ಘೋಷಣೆಯಲ್ಲಿ ಅದು ಸಿಗುತ್ತದೆ. ಘೋಷಣೆ ವಿಧಿಯಲ್ಲ. ಉತ್ತರಪತ್ರಿಕೆಯಲ್ಲಿ ‘17ನೇ ವಿಧಿ’ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ಇದೇ ಜಾತಿಯ ಇನ್ನೊಂದು ತಪ್ಪು: ‘ಲಕ್ಸಂಬರ್ಗ್ ಕೋರ್ಟು ಇಂಥ ದೇಶದ ಕಾಯ್ದೆ ರದ್ದುಮಾಡಿತು.’ ಅದಕ್ಕೆ ಆ ಅಧಿಕಾರವೇ ಇಲ್ಲ. ಆಯಾ ದೇಶದ ನ್ಯಾಯಾಧೀಶರು ವಿಚಾರಣೆ ತಡೆದು ಪ್ರಶ್ನೆ ಕಳಿಸುತ್ತಾರೆ, ಲಕ್ಸಂಬರ್ಗ್ ಅರ್ಥ ಹೇಳುತ್ತದೆ, ತೀರ್ಪು ಕೊಡುವವರು ಮತ್ತೆ ಅವರೇ. 1978ರ ಸಿಮೆಂತಾಲ್ ಪ್ರಕರಣದಲ್ಲಿ ಲಕ್ಸಂಬರ್ಗ್ ಕೊಟ್ಟ ತೀರ್ಪಿನ ನಂತರ ಅವರು ಅಡ್ಡಬರುವ ದೇಶೀಯ ಕಾಯ್ದೆಯನ್ನು ಆ ಪ್ರಕರಣದ ಮಟ್ಟಿಗೆ ಪಕ್ಕಕ್ಕಿಡಬೇಕು. ಕಾಯ್ದೆ ಮಾತ್ರ ಪುಸ್ತಕದಲ್ಲಿ ಹಾಗೇ ಕೂತಿರುತ್ತದೆ.

ಈ ಎಲ್ಲ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಭಾಷೆಯ ಜಗಳ ಗೊತ್ತಿರುವ ನಾವಾದರೂ ಕೇಳಬೇಕಿತ್ತು. ಪ್ಯಾರಿಸ್ ಒಪ್ಪಂದದ ಅಧಿಕೃತ ಪಠ್ಯ ಫ್ರೆಂಚ್ ಒಂದೇ. ರೋಮ್ ಒಪ್ಪಂದಕ್ಕೆ ನಾಲ್ಕು ಭಾಷೆ, ನಾಲ್ಕಕ್ಕೂ ಸಮಾನ ಸ್ಥಾನ. ಈಗ ಒಕ್ಕೂಟದ ಅಧಿಕೃತ ಭಾಷೆಗಳು 24. ಆದರೂ ಲಕ್ಸಂಬರ್ಗಿನ ನ್ಯಾಯಾಧೀಶರು ಬಾಗಿಲು ಹಾಕಿಕೊಂಡು ಚರ್ಚಿಸುವುದು ಇಂದಿಗೂ ಫ್ರೆಂಚಿನಲ್ಲಿ, ದುಭಾಷಿಗಳಿಗೆ ಒಳಗೆ ಪ್ರವೇಶವಿಲ್ಲ.